ಬ್ರಿಟಿಷ್ ಧಾರಾವಾಹಿ, ಅಮೆರಿಕದ ರೀಮೇಕ್: ಹೋಲಿಸಿ ನೋಡುವುದು ಹೇಗೆ?

ಪ್ರಶ್ನೆ: ಚಿತ್ರಕಥೆ ಬರೆಯುವುದನ್ನು ಕಲಿಯುತ್ತಿದ್ದೇನೆ. ಒಂದೇ ಕಥೆ ಬ್ರಿಟನ್ನಿಂದ ಅಮೆರಿಕಕ್ಕೆ ಹೋದಾಗ ಏನೇನು ಬದಲಾಗುತ್ತದೆ ಅಂತ ಪಕ್ಕಪಕ್ಕ ಇಟ್ಟು ನೋಡಬೇಕು. ಎಲ್ಲ ಸೀಸನ್‌ಗೂ ಪುರುಸೊತ್ತಿಲ್ಲ. ಯಾವ ಜೋಡಿ, ಎಷ್ಟು ಕಂತು, ಯಾವುದು ಮೊದಲು? ತಿಳಿದವರು ಹೇಳಿ. ಕೊನೆ ಏನಾಗುತ್ತದೆ ಅಂತ ಮಾತ್ರ ಬಿಟ್ಟುಕೊಡಬೇಡಿ.

ಉತ್ತರ 1: ‘ಹೌಸ್ ಆಫ್ ಕಾರ್ಡ್ಸ್’ನಿಂದ ಶುರು ಮಾಡಿ. ಬಿಬಿಸಿಯದು 1990ರದ್ದು, ನಾಲ್ಕೇ ಕಂತು, ಒಂದು ಭಾನುವಾರಕ್ಕೆ ಮುಗಿಯುತ್ತದೆ. ನೆಟ್‌ಫ್ಲಿಕ್ಸ್‌ನದು 2013ರಿಂದ 2018ರವರೆಗೆ ಆರು ಸೀಸನ್, 73 ಕಂತು. ಹೋಲಿಕೆಗೆ ಮೊದಲ ಎರಡು ಸೀಸನ್ನಿನ 26 ಕಂತು ಸಾಕು.

ನಾಲ್ಕು ಕಂತು 26 ಆಗಿದ್ದು ಸುಮ್ಮನೆ ಎಳೆದಿದ್ದರಿಂದಲ್ಲ. ಬ್ರಿಟನ್ನಿನಲ್ಲಿ ಆಳುವ ಪಕ್ಷದ ನಾಯಕತ್ವ ಗೆದ್ದವರು ಸಾರ್ವತ್ರಿಕ ಚುನಾವಣೆಗೆ ಹೋಗದೆಯೇ ಪ್ರಧಾನಿಯಾಗಬಹುದು. ಹಾಗಾಗಿ ಮುಖ್ಯ ಸಚೇತಕ ಫ್ರಾನ್ಸಿಸ್ ಅರ್ಕರ್ಟ್‌ಗೆ ಇರುವುದು ಎರಡೇ ಕೆಲಸ: ಕೂತಿರುವವನನ್ನು ಇಳಿಸುವುದು, ಪೈಪೋಟಿಗೆ ಬಂದವರನ್ನು ಒಬ್ಬೊಬ್ಬರಾಗಿ ಮುಗಿಸುವುದು. ಶಾಸಕಾಂಗ ಪಕ್ಷದ ಸಭೆ ಕರೆದು ಮುಖ್ಯಮಂತ್ರಿ ಬದಲಾಯಿಸುವುದನ್ನು ಕಂಡ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅಮೆರಿಕದ ಅಧ್ಯಕ್ಷನನ್ನು ಪಕ್ಷದ ಸಭೆ ಇಳಿಸಲಾರದು. ಸಚೇತಕ ಫ್ರಾಂಕ್ ಅಂಡರ್‌ವುಡ್ ಉಪಾಧ್ಯಕ್ಷರ ಕುರ್ಚಿಯ ದಾರಿ ಹಿಡಿಯಬೇಕು. ಅದು ಖಾಲಿಯಾಗಬೇಕಾದರೆ ಪೆನ್ಸಿಲ್ವೇನಿಯಾದ ಗವರ್ನರ್ ಚುನಾವಣೆಯನ್ನೇ ತಿರುಚಬೇಕು. ಒಂದೊಂದು ಮೆಟ್ಟಿಲೂ ಕಂತುಗಟ್ಟಲೆ ನುಂಗುತ್ತದೆ.

ಎರಡರ ಆರಂಭದ ದೃಶ್ಯಗಳನ್ನು ಬೆನ್ನಿಗೆ ಬೆನ್ನು ನೋಡಿ. ಅರ್ಕರ್ಟ್ ಕೈಯಲ್ಲಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಭಾವಚಿತ್ರ. ಅಂಡರ್‌ವುಡ್ ಕೈಯಲ್ಲಿ ಕಾರಿಗೆ ಸಿಕ್ಕಿ ನರಳುತ್ತಿರುವ ನಾಯಿ. ಇಬ್ಬರೂ ಕ್ಯಾಮೆರಾ ನೋಡಿ ನಮ್ಮೊಂದಿಗೇ ಮಾತಾಡುತ್ತಾರೆ. ಬಿಬಿಸಿಯ ಮೊದಲ ಕಂತು ಬಂದದ್ದು 1990ರ ನವೆಂಬರ್ 18ಕ್ಕೆ, ನಿಜವಾದ ಥ್ಯಾಚರ್ ರಾಜೀನಾಮೆ ಘೋಷಿಸಿದ್ದು 22ಕ್ಕೆ. ಆ ನೋಡುಗರಿಗೆ ಹಿನ್ನೆಲೆ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಬಿಬಿಸಿ ಆವೃತ್ತಿಯ ವೇಗಕ್ಕೆ ಅದೂ ಒಂದು ಕಾರಣ.

ಉತ್ತರ 2: ದೃಶ್ಯದ ಮಟ್ಟದಲ್ಲಿ ಕಲಿಯಬೇಕಾದರೆ ‘ಬ್ರಾಡ್‌ಚರ್ಚ್’ (ಐಟಿವಿ, 2013, ಮೊದಲ ಸೀಸನ್ ಎಂಟು ಕಂತು) ಮತ್ತು ‘ಗ್ರೇಸ್‌ಪಾಯಿಂಟ್’ (ಫಾಕ್ಸ್, 2014, ಹತ್ತು ಕಂತು). ಪತ್ತೇದಾರನಾಗಿ ಎರಡರಲ್ಲೂ ಡೇವಿಡ್ ಟೆನಂಟ್. ಮೊದಲ ಕಂತಿನ ನಿರ್ದೇಶಕರೂ ಒಬ್ಬರೇ, ಜೇಮ್ಸ್ ಸ್ಟ್ರಾಂಗ್. ಹೀಗಾಗಿ ವ್ಯತ್ಯಾಸ ಕಂಡರೆ ನಟನದೋ ನಿರ್ದೇಶಕನದೋ ಎಂಬ ಗೊಂದಲ ಕಡಿಮೆ.

ಬ್ರಿಟಿಷ್ ಮೊದಲ ಕಂತನ್ನು ನಿಲ್ಲಿಸದೆ ನೋಡಿ, ಮರುದಿನ ಅಮೆರಿಕದ್ದು. ಆಮೇಲೆ ಎರಡನ್ನೂ ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ದೃಶ್ಯ ಎಷ್ಟನೇ ನಿಮಿಷಕ್ಕೆ ಶುರುವಾಯಿತು, ಹೊಸ ವಿಷಯ ಏನು ಸಿಕ್ಕಿತು, ಅದು ಯಾರಿಗೆ ಗೊತ್ತಾಯಿತು, ಜಾಹೀರಾತಿಗೆ ಎಲ್ಲಿ ಕತ್ತರಿಸಿದರು ಅಂತ ಬರೆದುಕೊಳ್ಳಿ. ತಾಯಿ ಸಮುದ್ರದ ದಂಡೆಗೆ ಓಡಿಬರುವ ದೃಶ್ಯವೊಂದೇ ಈ ಅಭ್ಯಾಸಕ್ಕೆ ಸಾಕು. ನಕಲು ಇಷ್ಟು ನಿಷ್ಠವಾಗಿದ್ದರೂ ಗ್ರೇಸ್‌ಪಾಯಿಂಟ್ ಒಂದೇ ಸೀಸನ್ನಿಗೆ ನಿಂತಿತು. ಹೆಚ್ಚುವರಿ ಎರಡು ಕಂತು ಬಹುಪಾಲು ಸುಳ್ಳು ಸುಳಿವುಗಳಿಗೇ ಖರ್ಚಾಗಿ ಊರಿನ ದುಃಖ ತೆಳುವಾಗುತ್ತದೆ. ಕೊನೆಯನ್ನೂ ಸ್ವಲ್ಪ ಬದಲಿಸಿದ್ದಾರೆ, ಅದನ್ನು ಹೇಳುವುದಿಲ್ಲ.

ಉತ್ತರ 3: ನೋಡುವ ಮುಂಚೆ ಅವಧಿ ಪರೀಕ್ಷಿಸಿ. ಬಿಬಿಸಿ ತನ್ನ ದೇಶದ ವಾಹಿನಿಗಳಲ್ಲಿ ಜಾಹೀರಾತು ಹಾಕುವುದಿಲ್ಲ, ಒಂದು ಗಂಟೆಯ ಕಂತು ಅಂದರೆ 55ರಿಂದ 60 ನಿಮಿಷ. ನಿಮಗೆ ಸಿಕ್ಕ ಕಾಪಿ 45 ನಿಮಿಷಕ್ಕೇ ಮುಗಿದರೆ ಜಾಹೀರಾತಿನ ಜಾಗಕ್ಕಾಗಿ ಕತ್ತರಿಸಿದ ಪ್ರತಿ ಇರಬಹುದು. ಅದನ್ನು ಹಿಡಿದು ಹೋಲಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಐಟಿವಿಯದು ಮೊದಲಿಂದಲೂ 45ರ ಆಸುಪಾಸು, ಅದಕ್ಕೆ ಗಾಬರಿ ಬೇಡ. ಬ್ರಿಟಿಷ್ ಉಚ್ಚಾರ ಹಿಡಿಯದಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ.

ಉತ್ತರ 4: ಉತ್ತರ 1ರವರು ಹೇಳಿದ ಜೋಡಿ ಒಳ್ಳೆಯದೇ, ಆದರೆ 26 ಕಂತು ಹೊಸಬರಿಗೆ ಭಾರ. ನನ್ನ ಆಯ್ಕೆ ‘ಕ್ರಿಮಿನಲ್ ಜಸ್ಟಿಸ್’ (ಬಿಬಿಸಿ, 2008, ಐದು ಕಂತು) ಮತ್ತು ‘ದಿ ನೈಟ್ ಆಫ್’ (ಎಚ್‌ಬಿಒ, 2016, ಎಂಟು ಕಂತು). ಹಾಟ್‌ಸ್ಟಾರ್ 2019ರಲ್ಲಿ ಹಿಂದಿಯಲ್ಲಿ ಮಾಡಿದ್ದೂ ಇದೇ ಕಥೆ, ಹಾಗಾಗಿ ಮೂರನೆಯದೂ ಕೈಯಲ್ಲಿದೆ. ಟ್ಯಾಕ್ಸಿ ಓಡಿಸುವ ಹುಡುಗ, ಹತ್ತಿದ ಹುಡುಗಿ, ಬೆಳಗಾಗುವಷ್ಟರಲ್ಲಿ ಕೊಲೆ, ಎಕ್ಸಿಮಾದಿಂದ ಕೆರೆದುಕೊಳ್ಳುವ ವಕೀಲ: ಇಷ್ಟು ಮೂರರಲ್ಲೂ ಇದೆ.

ಬದಲಾಗುವುದು ನ್ಯಾಯವ್ಯವಸ್ಥೆ. ಇಂಗ್ಲೆಂಡಿನಲ್ಲಿ ಠಾಣೆಗೆ ಬರುವ ಸಾಲಿಸಿಟರ್ ಬೇರೆ, ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಬೇರೆ. ಆರೋಪಿ ಕೈಯಿಂದ ಕೈಗೆ ದಾಟುತ್ತಾನೆ, ನಾಟಕದ ಒತ್ತಡ ಅಲ್ಲಿಯೇ ಹುಟ್ಟುತ್ತದೆ. ಅಮೆರಿಕದ್ದರಲ್ಲಿ ಹುಡುಗ ನಾಸಿರ್ ಖಾನ್, ನ್ಯೂಯಾರ್ಕಿನ ಕ್ವೀನ್ಸ್‌ನ ಪಾಕಿಸ್ತಾನಿ ಕುಟುಂಬದವನು. ಸರ್ಕಾರಿ ವಕೀಲರ ಜೊತೆಗಿನ ಶಿಕ್ಷೆಯ ಚೌಕಾಸಿ, ರೈಕರ್ಸ್ ದ್ವೀಪದ ಜೈಲು, ಅಪ್ಪನ ಟ್ಯಾಕ್ಸಿಯ ಪಾಲುದಾರರು ಇವಕ್ಕೆಲ್ಲ ಹೆಚ್ಚುವರಿ ಕಂತುಗಳು ಹೋಗಿವೆ, ವ್ಯರ್ಥವಾಗಿಲ್ಲ. ನಮ್ಮಲ್ಲಿ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಇಲ್ಲ, ಆದ್ದರಿಂದ ಹಿಂದಿಯದರಲ್ಲಿ ವಕೀಲರ ಕೊನೆಯ ವಾದ ಯಾರನ್ನು ನೋಡಿ ನಡೆಯುತ್ತದೆ ಎಂಬುದೇ ಬದಲಾಗಬೇಕಾಯಿತು. ಈ ಒಂದು ದೃಶ್ಯವನ್ನು ಮೂರರಲ್ಲೂ ತಪ್ಪದೆ ನೋಡಿ.

ಕೇಳಿದವರು: ತುಂಬಾ ಉಪಕಾರ. ಉದ್ದ ಓಡಿದ ರೀಮೇಕ್ ಒಂದು ಬೇಕಾದರೆ?

ಉತ್ತರ 5: ‘ಶೇಮ್‌ಲೆಸ್’. ಮ್ಯಾಂಚೆಸ್ಟರ್‌ನದು 2004ರಿಂದ, ಶಿಕಾಗೋದ್ದು 2011ರಿಂದ, ಎರಡೂ ಹನ್ನೊಂದು ಸೀಸನ್. ಎರಡರ ಮೊದಲ ಸೀಸನ್ ಮಾತ್ರ ಹೋಲಿಸಿ. ಹಿರಿಯ ಮಗಳು ಫಿಯೋನಾ ಬ್ರಿಟಿಷ್ ಆವೃತ್ತಿಯಲ್ಲಿ ಬೇಗ ಹೊರಟುಹೋಗುತ್ತಾಳೆ, ಅಮೆರಿಕದಲ್ಲಿ ಒಂಬತ್ತನೇ ಸೀಸನ್‌ವರೆಗೆ ಮನೆ ಹೊತ್ತು ನಡೆಸುತ್ತಾಳೆ. ಅಲ್ಲಿಂದಾಚೆಗೆ ಅವು ಬೇರೆ ಬೇರೆ ಕಥೆಗಳು. ‘ಲೈಫ್ ಆನ್ ಮಾರ್ಸ್’ ಕಡೆಗೆ ಹೋದರೆ ಒಂದು ಎಚ್ಚರ: ಎಬಿಸಿಯ ಆವೃತ್ತಿ 17 ಕಂತಿಗೇ ನಿಂತಿತು, ಅದರ ಮುಕ್ತಾಯಕ್ಕೂ ಬಿಬಿಸಿಯ 16 ಕಂತಿನ ಮುಕ್ತಾಯಕ್ಕೂ ಸಂಬಂಧವೇ ಇಲ್ಲ. ಬಿಬಿಸಿಯದನ್ನು ಪೂರ್ತಿ ಮುಗಿಸಿಕೊಂಡೇ ಅದಕ್ಕೆ ಕೈ ಹಾಕಿ.