ಸಹಾಯ ಬೇಕು: ಜಗಳೂರು ಕಡೆ ಬರೋ ಹೆಳವರು (ಮನೆಮನೆಗೆ ಬಂದು ವಂಶಾವಳಿ ಹೇಳೋರು) ಯಾರಿಗಾದ್ರೂ ಗೊತ್ತಾ?

ನಮಸ್ಕಾರ. ಬಹಳ ವರ್ಷದ ಮೇಲೆ ಸಿಕ್ಕ ಗೆಳೆಯರೊಬ್ಬರು ಮುತ್ತಜ್ಜನ ಮನೆತನ ಹುಡುಕೋಕೆ ಬರ್ತಿದ್ದಾರೆ. ಊರು ಜಗಳೂರು ತಾಲೂಕು. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಹಾಗಾಗಿ ಹಳೇ ಕಾಗದದಲ್ಲೆಲ್ಲ ‘ಚಿತ್ರದುರ್ಗ ಜಿಲ್ಲೆ’ ಅಂತಲೇ ಇರುತ್ತೆ. ಬೇರೆ ಊರಿಂದು ಅಂತ ಪಕ್ಕಕ್ಕಿಡಬಾರದು.

ಕೈಬರಹದ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ನಕಲಿಗೆ ತಾಲೂಕು ಕಚೇರಿ ರೆಕಾರ್ಡ್ ರೂಮಿಗೆ ಸರ್ವೆ ನಂಬರ್ ಸಮೇತ ಅರ್ಜಿ ಹಾಕ್ತೀವಿ. ಬರೀ ಹೆಸರು ಹಿಡ್ಕೊಂಡು ಹೋದ್ರೆ ಆಗಲ್ಲ. ತಿಪ್ಪೇರುದ್ರಸ್ವಾಮಿಯ ನಾಯಕನಹಟ್ಟಿ ಹತ್ತಿರದ ಸೀಮೆ, ಮನೆಗೊಬ್ಬ ತಿಪ್ಪೇಸ್ವಾಮಿ! ತಂದೆ ಹೆಸರು, ಬೆಡಗು (ಕುಲದೊಳಗಿನ ಬಳಿ), ಮನೆದೇವರು ಮೂರೂ ತಾಳೆಯಾಗಬೇಕು.

ಪಹಣಿಯಲ್ಲಿ ಜಮೀನಿಲ್ಲದವರ ಸುಳಿವು ಸಾಮಾನ್ಯವಾಗಿ ಸಿಗಲ್ಲ. ಅದಕ್ಕೇ ಹೆಳವರು ಬೇಕು. ಆ ಕಡೆ ವಂಶಾವಳಿ ಓದೋರು ಯಾರು, ಸುಗ್ಗಿ ಮುಗಿದ ಮೇಲೆ ಎಲ್ಲಿ ಬಿಡಾರ ಹಾಕ್ತಾರೆ? ಗೊತ್ತಿದ್ದೋರು ಇನ್‌ಬಾಕ್ಸ್ ಮಾಡಿ, ಫೋನ್ ನಂಬರ್ ಇಲ್ಲಿ ಹಾಕ್ಬೇಡಿ.