ಪದಚರ್ಚೆ: ಹಿಂದೆ ಭಾರ ಇರುವ ಕಾರು ತಿರುವಿನಲ್ಲಿ ಬಾಲ ಬೀಸಿದರೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಪೋರ್ಷೆ 911 ಅನ್ನುವ ಸ್ಪೋರ್ಟ್ಸ್ ಕಾರಿನ ಬಗ್ಗೆ ಬರೆಯುತ್ತಿದ್ದೇನೆ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಆ ಕಾರು ತಯಾರಾಗುವ ಝುಫೆನ್‌ಹೌಸನ್ ಇದೇ ಊರಿನ ಒಂದು ಭಾಗ, ಹಾಗಾಗಿ ಈ ವಿಷಯ ನನ್ನ ಪಾಲಿಗೇ ಬಂತು. ಎರಡು ಪುಟ ಸಲೀಸಾಗಿ ಹೋಯಿತು. ಮೂರನೇ ಪುಟದಲ್ಲಿ ‘ಓವರ್‌ಸ್ಟಿಯರ್’ ಅನ್ನುವ ಪದಕ್ಕೆ ಸಿಕ್ಕಿ ನಿಂತಿದ್ದೇನೆ.

ಕಾರಿನ ಗೊಡವೆ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ಕಾರಿನ ಆರು ಸಿಲಿಂಡರಿನ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇದೆ. ನಮ್ಮ ಆಟೋ, ಟಾಟಾ ನ್ಯಾನೋ, ವೋಲ್ವೋ ಬಸ್ಸಿನಲ್ಲೂ ಎಂಜಿನ್ ಹಿಂದೆಯೇ, ಆದರೆ ಅವನ್ನು ಯಾರೂ ಆ ವೇಗದಲ್ಲಿ ತಿರುಗಿಸುವುದಿಲ್ಲ. (ಕೆಲವು ಆಟೋದವರನ್ನು ಬಿಟ್ಟು.) 911ರ ತೂಕದಲ್ಲಿ ಹೆಚ್ಚು ಕಡಿಮೆ 100ಕ್ಕೆ 60 ಪಾಲು ಹಿಂದಿನ ಚಕ್ರಗಳ ಮೇಲೆ ಕೂತಿರುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲೇಟರ್‌ನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರು ಹಗುರಾಗಿ ಹಿಡಿತ ಬಿಡುತ್ತದೆ, ಎಂಜಿನ್ ಇರುವ ತುದಿ ಹೊರಕ್ಕೆ ಬೀಸಿಕೊಂಡು ಬರುತ್ತದೆ. ಇದು ಓವರ್‌ಸ್ಟಿಯರ್. ಸ್ಟೇರಿಂಗ್ ತಿರುಗಿಸಿದರೂ ಮುಂದಿನ ಚಕ್ರ ಕೇಳದೆ ಗಾಡಿ ನೇರ ಜಾರಿದರೆ ಅದು ಅಂಡರ್‌ಸ್ಟಿಯರ್. ಡ್ರೈವರ್‌ಗಳ ಹಳೇ ಜೋಕ್ ಒಂದಿದೆ: ಗುದ್ದುವ ಮರ ಕಣ್ಣಿಗೆ ಕಂಡರೆ ಅಂಡರ್, ಬರೀ ಸದ್ದು ಕೇಳಿಸಿದರೆ ಓವರ್.

ಒಬ್ಬರು ‘ಅತಿತಿರುವು’, ‘ಮಿತತಿರುವು’ ಅಂತ ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ‘ಅತಿತಿರುವು’ ಅಂದರೆ ಘಾಟಿ ರಸ್ತೆಯ ಹೇರ್‌ಪಿನ್ ನೆನಪಾಗುತ್ತದೆ. ಇಲ್ಲವೇ ಓಡಿಸುವವನು ಸ್ಟೇರಿಂಗ್ ಜಾಸ್ತಿ ತಿರುಗಿಸಿದ ಅನ್ನಿಸುತ್ತದೆ. ನಿಜಕ್ಕೂ ಅವನು ಏನೂ ಮಾಡಿರುವುದಿಲ್ಲ, ಕಾಲು ಎತ್ತಿದ್ದಾನೆ ಅಷ್ಟೆ. ಇಂಗ್ಲಿಷಿನವರು ಇದನ್ನು ಸ್ಟೇರಿಂಗ್ ಕಡೆಯಿಂದ ನೋಡಿ ಹೆಸರಿಟ್ಟರು. ಕನ್ನಡದ ಡ್ರೈವರ್ ಯಾವ ತುದಿ ಹೋಯಿತು ಅಂತ ನೋಡುತ್ತಾನೆ. ‘ಹಿಂದ್ಗಡೆ ಬೀಸ್ತು’, ‘ಮುಂದಿನ ಚಕ್ರ ಜಾರ್ತು’ ಅನ್ನುತ್ತಾನೆ. ಲಾರಿಯವರು ಇದಕ್ಕೆ ಬಳಸುವ ಇನ್ನೊಂದು ಮಾತಿದೆ, ಅದನ್ನು ರಾಜ್ಯೋತ್ಸವ ಸಂಚಿಕೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ.

ಹಾಗಾಗಿ ನನ್ನ ಯೋಚನೆ: ಓವರ್‌ಸ್ಟಿಯರ್‌ಗೆ ‘ಹಿಂಬೀಸು’, ಅಂಡರ್‌ಸ್ಟಿಯರ್‌ಗೆ ‘ಮುಂಜಾರು’. ಹಿಂಗಾಲು, ಮುಂಗೈ ಇರುವಾಗ ಇವೂ ಹೊಂದುತ್ತವೆ, ಅಲ್ವಾ? ಬೀಸು ಅನ್ನುವುದಕ್ಕೆ ನಮ್ಮಲ್ಲಿ ಎಷ್ಟು ಕೆಲಸ ನೋಡಿ. ಗಾಳಿ ಬೀಸುತ್ತದೆ, ರಾಗಿ ಬೀಸುತ್ತೇವೆ, ಬಲೆ ಬೀಸುತ್ತೇವೆ, ದನ ಬಾಲ ಬೀಸುತ್ತದೆ. ನನಗೆ ಹಿಡಿಸಿದ್ದು ಕವಣೆ ಬೀಸುವುದು. ಹಗ್ಗದ ತುದಿಯಲ್ಲಿ ಕಲ್ಲು, ಆ ಕಲ್ಲಿನ ತೂಕವೇ ಹಗ್ಗವನ್ನು ಸುತ್ತಿಸಿಕೊಂಡು ಹೋಗುತ್ತದೆ. 911ರ ಎಂಜಿನ್ ಮಾಡುವುದೂ ಅದನ್ನೇ.

ನೀರು ಹಾಯಿಸಿದ ತರಬೇತಿ ಮೈದಾನದಲ್ಲಿ ನಾನೇ ಒಮ್ಮೆ ಕಾಲೆತ್ತಿ ನೋಡಿದೆ. ಎದುರಿಗಿದ್ದ ಕೋನ್ ಪಕ್ಕದ ಕಿಟಕಿಯಲ್ಲಿ ಕಾಣಿಸಿತು, ಆಮೇಲೆ ಹಿಂದಿನ ಗಾಜಿನಲ್ಲಿ. ಗಾಡಿ ನಿಂತಾಗ ಬಂದ ದಾರಿಯನ್ನೇ ನೋಡುತ್ತಿದ್ದೆ.

ಎರಡನೇ ತೊಡಕು ‘ಬಿಡು’. ಗಾಡಿ ಬಿಡು ಅಂದರೆ ಓಡಿಸು. ಆಕ್ಸಿಲೇಟರ್ ಬಿಡು ಅಂದರೆ ಕಾಲು ತೆಗೆ. ಇನ್ನು ‘ತಿರುವಿನಲ್ಲಿ ಬಿಡಬೇಡಿ’ ಅಂತ ಬರೆದರೆ ಓದುವವರು ಜೋರಾಗಿ ಹೋಗಬೇಡಿ ಅಂದುಕೊಳ್ಳುತ್ತಾರೆ. ನಾನು ಹೇಳಬೇಕಾದದ್ದು ಕಾಲು ತೆಗೆಯಬೇಡಿ ಅಂತ! ಈ ಕಾರನ್ನು ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ನಿಧಾನ ಮಾಡಬೇಕು, ಒಳಗೆ ಹೋದ ಮೇಲೆ ಆಕ್ಸಿಲೇಟರ್ ಒತ್ತಿಯೇ ಇರಬೇಕು. ಆಗ ಹಿಂದಿನ ಭಾರವೇ ಟೈರನ್ನು ರಸ್ತೆಗೆ ಒತ್ತಿ ಹಿಡಿಯುತ್ತದೆ. ಸದ್ಯಕ್ಕೆ ‘ಕಾಲೆತ್ತಬೇಡಿ’ ಅಂತ ಬರೆದಿದ್ದೇನೆ.

ಕೈಯಿಂದಲೇ ಗೇರ್ ಹಾಕುವ ‘ಮ್ಯಾನುಯಲ್’ ಕಾರಿಗೆ ಪದ ಹುಡುಕುವ ಗೋಜು ಬೇಡ. ‘ಕೈಗೇರು’ ಅಂತ ಒಬ್ಬರು ಹೇಳಿದರು, ನನ್ನ ಮಂಗಳೂರಿನ ಹೆಂಡತಿ ಅದು ಗೋಡಂಬಿಯ ಹೊಸ ತಳಿಯಾ ಅಂತ ಕೇಳಿದಳು. ‘ಗೇರ್ ಗಾಡಿ’ ಸಾಕು. ಇಲ್ಲಿನ ಹುಚ್ಚರಿಗೆ ಅದು ಎಷ್ಟು ಬೇಕು ಅಂದರೆ, 2013ರಲ್ಲಿ 911ರ ಜಿಟಿ3 ಮಾದರಿ ಆಟೋಮ್ಯಾಟಿಕ್‌ನಲ್ಲಿ ಮಾತ್ರ ಬಂದಾಗ ಗಲಾಟೆಯಾಯಿತು. 2016ರಲ್ಲಿ ಗೇರ್ ಗಾಡಿಯಾಗಿಯೇ ಬಂದ ‘911 ಆರ್’ ಮಾದರಿಯಲ್ಲಿ ಮಾಡಿದ್ದು 991 ಕಾರು ಮಾತ್ರ. 2017ರಲ್ಲಿ ಜಿಟಿ3ಗೂ ಮ್ಯಾನುಯಲ್ ವಾಪಸ್ ಬಂತು. ಗೇರಿನ ಮಟ್ಟಿಗೆ ನಮ್ಮ ಮಾತು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನ್ನ ಗೆಳೆಯ 1980ರ ದಶಕದ 911, ಕಾರೆರಾ 3.2 ಅನ್ನುವ ಮಾದರಿ, ಹುಡುಕುವಾಗ 1987ರಿಂದ ಈಚೆಗಿನದೇ ಬೇಕು ಅಂತ ಹಟ ಹಿಡಿದಿದ್ದ. ಅದಕ್ಕೆ ಮೊದಲಿನವುಗಳಲ್ಲಿ 915 ಅನ್ನುವ ಗೇರ್‌ಬಾಕ್ಸ್. ತಣ್ಣಗಿದ್ದಾಗ ಅದರಲ್ಲಿ ಎರಡನೇ ಗೇರ್ ಬೇಗ ಬೀಳುವುದಿಲ್ಲ, ತಾಳ್ಮೆ ಬೇಕು. ಆಮೇಲೆ ಬಂದ ಜಿ50ಯಲ್ಲಿ ಸಲೀಸಾಗಿ ಬೀಳುತ್ತದೆ. ಗೇರ್ ಬೀಳು ಅಂದರೆ ಯಾವ ಕನ್ನಡಿಗನಿಗೂ ವಿವರಿಸಬೇಕಿಲ್ಲ. ಈ ಹಳೇ ಕಾರುಗಳ ಪೆಡಲುಗಳು ಮೇಲಿನಿಂದ ತೂಗುವುದಿಲ್ಲ, ಕಾಲು ಹಾರ್ಮೋನಿಯಂನಂತೆ ನೆಲದಿಂದ ಎದ್ದಿರುತ್ತವೆ. ಅದಕ್ಕೂ ಪದ ಬೇಕಾಗಲಿಲ್ಲ.

‘ಹಿಂದೆ ಎಂಜಿನ್ ಇರುವ ಕಾರು’ ಉದ್ದವಾಯಿತು ಅಂತ ಆದೇಶ ಸಂಧಿ ಮಾಡಿ ‘ಹಿಂಗಾರು’ ಅಂದು ನೋಡಿದೆ. ಸಂಪಾದಕರು ಮಳೆ ಬಗ್ಗೆ ಲೇಖನವಾ ಅಂದರು.

ಈಗ ಮುಖ್ಯವಾಗಿ ಕೇಳಬೇಕಾದದ್ದು. ನಮ್ಮೂರಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಅಪ್ಪ ‘ಹಿಂಬಾರ ಆಯ್ತು, ಮುಂದಕ್ಕೆ ಹಾಕು’ ಅನ್ನುತ್ತಿದ್ದರು. ಹಿಂಬಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. ಆಗ ಯಾರಾದರೂ ಮುಂದೆ ಹೋಗಿ ಕೂರಬೇಕು. ಮೊದಮೊದಲ 911ಗಳ ಕಥೆಯೂ ಇದೇ. ಮೂತಿ ಹಗುರ ಅಂತ ಮುಂದಿನ ಬಂಪರಿನ ಎರಡೂ ತುದಿಯಲ್ಲಿ ತಲಾ 11 ಕಿಲೋದ ಎರಕದ ಕಬ್ಬಿಣ ಅಡಗಿಸಿ ಇಟ್ಟಿದ್ದರು. 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನೇ 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು.

ನನಗೆ ‘ಹಿಂಬಾರದ ಕಾರು’ ಹಿಡಿಸಿದೆ. ಆದರೆ ಇದು ಹಾಸನದ ಕಡೆ ಬಿಟ್ಟು ಬೇರೆಡೆಯೂ ಇದೆಯಾ? ಧಾರವಾಡ, ಬೀದರ್, ರಾಯಚೂರು ಕಡೆಯವರು ಹೇಳಬೇಕು. ನಿಮ್ಮಲ್ಲಿ ಚಕ್ಕಡಿಗೆ ಹಿಂದೆ ಭಾರ ಜಾಸ್ತಿಯಾದರೆ ಏನಂತಾರೆ? ಬರೆಯುವುದು ಹಿಂಬಾರವೋ, ಹಿಂಭಾರವೋ?