ಒಂದೇ ಹೆಸರಿನ ಮೂರು ಫಂಕ್ಷನ್, ಲೈವ್ ಪ್ಯಾಚ್ ಲೋಡ್ ಆಗ್ತಿಲ್ಲ: ನಿಮ್ಮ ಅನುಭವ ಹೇಳಿ

ಬಾಣೇರ್ ಬಸು (ಪುಣೆ):
ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಡ್ರೈವರ್ಸ್/ಬೇಸ್/ಮೆಮೊರಿ.ಸಿ ಫೈಲಿನ ಸ್ಟೇಟ್_ಶೋ ಫಂಕ್ಷನ್‌ನಲ್ಲಿ ಸಣ್ಣ ತಿದ್ದುಪಡಿ ಮಾಡಬೇಕು. ಸರ್ವರ್ ನಿಲ್ಲಿಸುವ ಹಾಗಿಲ್ಲ, ಅದಕ್ಕೇ ಲೈವ್ ಪ್ಯಾಚ್ (ಓಡ್ತಿರೋ ಕರ್ನಲ್‌ನಲ್ಲೇ ಫಂಕ್ಷನ್ ಬದಲಿಸೋದು). ಮಾಡ್ಯೂಲ್ ಕೈಯಲ್ಲೇ ಬರೆದೆ. ಲೋಡ್ ಮಾಡಿದರೆ 'ಅನ್‌ರಿಸಾಲ್ವಬಲ್ ಆಂಬಿಗ್ಯುಯಿಟಿ' (ಯಾವುದು ಅಂತ ತೀರ್ಮಾನಿಸೋಕೆ ಆಗಲ್ಲ) ಅಂತ ಎರರ್. ಕಾಲ್‌ಸಿಮ್ಸ್ (ಕರ್ನಲ್‌ನ ಹೆಸರು-ವಿಳಾಸಗಳ ಪಟ್ಟಿ) ನೋಡಿದರೆ ಅದೇ ಹೆಸರಿನವು ಮೂರಿವೆ. ಓಲ್ಡ್_ಸಿಂಪಾಸ್‌ಗೆ (ಒಂದೇ ಹೆಸರಿನವುಗಳಲ್ಲಿ ಎಷ್ಟನೆಯದು ಅಂತ ಹೇಳೋ ಜಾಗ) ಯಾವ ಅಂಕಿ ಹಾಕಲಿ? ಇಲ್ಲಾ ಲೈವ್ ಪ್ಯಾಚ್ ತಯಾರಿಸಿಕೊಡೋ ಕೆಪ್ಯಾಚ್ ಟೂಲ್‌ಗೇ ಹೋಗಲಾ?

ಫೇಸ್ 3 ಧಾರವಾಡಿ (ಹಿಂಜವಡಿ):
ಇದೇ ಫಂಕ್ಷನ್, ಇದೇ ಹೆಸರು. ಹೋದ ಮಳೆಗಾಲದಲ್ಲಿ ನನಗೆ ಆದದ್ದು ಹೇಳ್ತೀನಿ ಕೇಳಿ.

ಮಾಡ್ಯೂಲ್ ಬಿಲ್ಡ್ ಮಾಡಿದ್ದು ಸರಿಯಾದ ಟ್ರೀಯಲ್ಲೇ. ಎಣಿಸಿದ್ದು ಮಾತ್ರ ನನ್ನ ಟೆಸ್ಟ್ ಮಷೀನಿನ ಸಿಸ್ಟಂ.ಮ್ಯಾಪ್‌ನಲ್ಲಿ (ಬಿಲ್ಡ್ ಜೊತೆ ಬರೋ ಹೆಸರು-ವಿಳಾಸಗಳ ಫೈಲ್). ಆ ಟೆಸ್ಟ್ ಕರ್ನಲ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಆಫ್ ಇತ್ತು. ಹಾಗಾಗಿ ಕರ್ನಲ್/ಪವರ್/ಮೇನ್.ಸಿ ಫೈಲಿನ ಸ್ಟೇಟ್_ಶೋ ಅಲ್ಲಿ ಇರಲೇ ಇಲ್ಲ. ಮೆಮೊರಿಯದ್ದು ಮೊದಲನೆಯದು ಅಂತ 1 ಹಾಕಿದೆ. ಪ್ರೊಡಕ್ಷನ್‌ನಲ್ಲಿ 1 ಅಂದರೆ ಪವರ್‌ನದ್ದು!

ಲೋಡ್ ಆಯ್ತು. ಒಂದೇ ಒಂದು ಎರರ್ ಇಲ್ಲ. ರಾತ್ರಿ 2 ಗಂಟೆಗೆ ಮಾನಿಟರಿಂಗ್‌ನವರು ಫೋನ್ ಮಾಡಿದರು. /ಸಿಸ್/ಪವರ್/ಸ್ಟೇಟ್ ಓದಿದರೆ 'ಫ್ರೀಜ್ ಮೆಮ್' ಅಂತ ಬರಬೇಕಾದ ಜಾಗದಲ್ಲಿ 'ಎರರ್-ಅನ್‌ನೋನ್', ಪಕ್ಕದಲ್ಲಿ ಏನೋ ಒಂದು ನಂಬರ್. ಡಿಮೆಸೇಜ್ (ಕರ್ನಲ್ ಲಾಗ್) ತುಂಬಾ ವಾರ್ನಿಂಗ್. ಪವರ್ ಕಡೆಯಿಂದ ಬಂದ ಕೆಆಬ್ಜೆಕ್ಟ್‌ನ (ಬೇರೆ ಬಗೆಯ ಡೇಟಾ) ಪಾಯಿಂಟರನ್ನು ನನ್ನ ಕೋಡು ಡಿವೈಸ್ ಅಂತ ತಿಳಿದು ಓದುತ್ತಿತ್ತು. ಎನೇಬಲ್ಡ್ ಫೈಲಿಗೆ 0 ಬರೆದು ಪ್ಯಾಚ್ ಕೆಳಗಿಳಿಸಿದೆ. ಮಷೀನ್ ಬಿದ್ದುಹೋಗದೆ ಉಳಿದದ್ದೇ ಪುಣ್ಯ. ಕ್ಯಾಬ್‌ಗೆ ಹೋಗ್ತಾ 780, ಬರ್ತಾ 640 ರೂಪಾಯಿ. ಎರಡು ದಿನ ರಿಪೋರ್ಟ್ ಬರೆಯೋದ್ರಲ್ಲೇ ಹೋಯ್ತು. ಆ ಶನಿವಾರ ಊರಲ್ಲಿ ಅಪ್ಪನ ಅರವತ್ತರ ಶಾಂತಿ ಇತ್ತು, ಹೋಗಲಾಗಲಿಲ್ಲ. ಅದು ಇವತ್ತಿಗೂ ಮನಸ್ಸಲ್ಲಿದೆ.

ಓಡ್ತಿರೋ ಕರ್ನಲ್‌ನ ವಿಎಂಲಿನಕ್ಸ್‌ನಲ್ಲೇ (ಬಿಲ್ಡ್ ಆದ ಪೂರ್ತಿ ಕರ್ನಲ್ ಫೈಲ್) ಎಣಿಸಿ, ವಿಳಾಸದ ಕ್ರಮದಲ್ಲಿ. ಲೋಡ್ ಆದಮೇಲೆ /ಸಿಸ್/ಕರ್ನಲ್/ಲೈವ್‌ಪ್ಯಾಚ್ ಒಳಗೆ 'ಸ್ಟೇಟ್_ಶೋ,2' ಅನ್ನೋ ಥರ ಡೈರೆಕ್ಟರಿ ಬರುತ್ತೆ. ಕಾಮಾ ಆದಮೇಲಿನ ಅಂಕಿಯನ್ನ ಕಣ್ಣಾರೆ ನೋಡಿ.

ಐರೋಳಿ ಅಕ್ಕ (ನವಿ ಮುಂಬಯಿ):
ಕೈಯಲ್ಲಿ ಎಣಿಸೋದೇ ತಪ್ಪು. ಮೂರು ವರ್ಷದಿಂದ ಕೆಪ್ಯಾಚ್-ಬಿಲ್ಡ್ ಬಳಸ್ತಿದ್ದೀನಿ. ಡೀಬಗ್‌ಇನ್ಫೋದ (ಡೀಬಗ್ ಮಾಹಿತಿ ಸೇರಿರೋ) ವಿಎಂಲಿನಕ್ಸ್ ಕೊಟ್ಟರೆ ಸಿಂಪಾಸ್ ಅದೇ ಹುಡುಕಿಕೊಳ್ಳುತ್ತೆ.

ಸುಲಭಕ್ಕೆ ಒಲಿದದ್ದಲ್ಲ ಅದೂ. ಸಿಂಬಲ್ ಟೇಬಲ್‌ನಲ್ಲಿ (ಫಂಕ್ಷನ್, ವೇರಿಯಬಲ್ ಹೆಸರುಗಳ ಪಟ್ಟಿ) ಫೈಲಿನ ಬರೀ ಹೆಸರಿರುತ್ತೆ, ದಾರಿ ಇರಲ್ಲ. ಮೇನ್.ಸಿ, ಕೋರ್.ಸಿ ಅನ್ನೋವು ಕರ್ನಲ್‌ನಲ್ಲಿ ಎಷ್ಟಿವೆ ನೀವೇ ನೋಡಿ. ಆ ಫೈಲಿನ ಎಲ್ಲಾ ಲೋಕಲ್ ಸಿಂಬಲ್‌ಗಳ ಪಟ್ಟಿ ಹಿಡಿದು ಯಾವ ಮೇನ್.ಸಿ ಅಂತ ಅದು ಗುರುತು ಹಿಡಿಯಬೇಕು. ನನ್ನ ಜಿಸಿಸಿ ಕಂಪೈಲರ್ ಒಂದು ಮೈನರ್ ವರ್ಷನ್ ಬೇರೆ ಇತ್ತು. ಕೆಪ್ಯಾಚ್ ಬೇಡ ಅಂತಲೇ ಹೇಳ್ತು. ನಾನು ಸ್ಕಿಪ್-ಕಂಪೈಲರ್-ಚೆಕ್ ಕೊಟ್ಟು ಮುಂದೆ ಹೋದೆ. ಅಲ್ಲಿ ಹೆಸರಿನ ಕೊನೆಗೆ ಕಂಪೈಲರ್ ಸೇರಿಸಿದ .ಐಸ್ರಾ.0 ಇದ್ದದ್ದು ಇಲ್ಲಿ .ಕಾನ್ಸ್ಟ್‌ಪ್ರಾಪ್.0 ಆಗಿತ್ತು, ಪಟ್ಟಿ ತಾಳೆಯಾಗಲಿಲ್ಲ. ಒಂದೊಂದು ಬಿಲ್ಡ್ 50 ನಿಮಿಷ. 11 ಬಿಲ್ಡ್ ಮಾಡಿದೆ, ಎರಡು ರಾತ್ರಿ. ಕ್ಲೌಡ್ ಬಿಲ್ 3,900 ರೂಪಾಯಿ ನನ್ನ ಕೈಯಿಂದ ಹೋಯ್ತು. ಮೊದಲೇ ಅದೇ ಜಿಸಿಸಿ ಹಾಕಿಕೊಂಡಿದ್ದರೆ ಒಂದೇ ಬಿಲ್ಡ್‌ನಲ್ಲಿ ಮುಗೀತಿತ್ತು. ಆಮೇಲೆ ಒಂದು ಸಲವೂ ಕೈಕೊಟ್ಟಿಲ್ಲ.

ಫೇಸ್ 3 ಧಾರವಾಡಿ:
ಅಕ್ಕ, 'ಕೈಯಲ್ಲಿ ಎಣಿಸೋದೇ ತಪ್ಪು' ಅಂತ ಎಲ್ಲರ ಮೇಲೂ ಹೇರಬೇಡಿ. ನಮ್ಮದು ಸ್ವಂತ ಕಾನ್ಫಿಗ್, ಡೀಬಗ್‌ಇನ್ಫೋ ಪ್ಯಾಕೇಜ್ ಯಾರೂ ಕೊಡಲ್ಲ. ಎಣಿಸಿದ್ದು ತಪ್ಪಾಗಿರಲಿಲ್ಲ, ಎಣಿಸಿದ ಜಾಗ ತಪ್ಪಿತ್ತು.

ಐರೋಳಿ ಅಕ್ಕ:
ಸ್ವಂತ ಕಾನ್ಫಿಗ್ ಅಂದಮೇಲೆ ಬಿಲ್ಡ್ ಮಾಡಿದವರು ನೀವೇ ಅಲ್ವಾ? ಆ ವಿಎಂಲಿನಕ್ಸ್ ಎತ್ತಿಡೋಕೆ ಏನಾಗಿತ್ತು? ನಮ್ಮಲ್ಲಿ ಪ್ರತಿ ರಿಲೀಸ್‌ನದ್ದೂ ಇಟ್ಟಿದ್ದೀವಿ.

ಗೋರೆಗಾಂವ್ ಶೆಟ್ರು (ಮುಂಬಯಿ):
ಮಾರಾಯ್ರೆ, ಇಷ್ಟೆಲ್ಲಾ ಯಾಕೆ? ನಾನು ಹೆಸರಿನ ಗೊಡವೆಗೇ ಹೋಗ್ಲಿಲ್ಲ. ಅದನ್ನ ಕರೆಯೋ ಫಂಕ್ಷನ್ನಿಗೇ ಪ್ಯಾಚ್ ಹಾಕಿದೆ. ಅದರ ಹೆಸರು ಡೆವ್_ಆಟ್ರ್_ಶೋ, ನನ್ನ ಕರ್ನಲ್‌ನಲ್ಲಿ ಒಂದೇ ಇತ್ತು. ಸಿಂಪಾಸ್ 0 ಬಿಟ್ಟರೂ ಲೋಡ್ ಆಯ್ತು. ಒಳಗೆ ಒಂದು ಇಫ್ ಹಾಕಿ ನಮ್ಮ ಆಟ್ರಿಬ್ಯೂಟ್ (ಓದೋ /ಸಿಸ್ ಫೈಲ್) ಬಂದರೆ ಬೇರೆ ದಾರಿ. ಎಂಟು ತಿಂಗಳು ಓಡಿದೆ.

ಐರೋಳಿ ಅಕ್ಕ:
ಶೆಟ್ರೇ, ದಯವಿಟ್ಟು ಹೊಸಬರಿಗೆ ಇದನ್ನ ಹೇಳಿಕೊಡಬೇಡಿ. ಸ್ಟೇಟ್_ಶೋವನ್ನ ಯಾರೂ ಹೆಸರಿಟ್ಟು ಕರೆಯಲ್ಲ, ಪಾಯಿಂಟರ್ ಮೂಲಕ ಹೋಗುತ್ತೆ. ಎಷ್ಟೋ ಡಿವೈಸ್ ಆಟ್ರಿಬ್ಯೂಟ್‌ಗಳ ಓದು ಡೆವ್_ಆಟ್ರ್_ಶೋ ದಾಟಿಯೇ ಬರುತ್ತೆ. ಒಂದು ಮನೆ ಬೀಗ ಸರಿಮಾಡೋಕೆ ಇಡೀ ಬೀದಿಗೆ ಕಾವಲು ಹಾಕಿದ ಹಾಗೆ.

ಗೋರೆಗಾಂವ್ ಶೆಟ್ರು:
ಎಂಟು ತಿಂಗಳು ಒಂದು ಕಾಲ್ ಬಂದಿಲ್ಲ ಅಂದೆ. 3,900 ಕಳೆದುಕೊಂಡವರು ನಾವಲ್ಲ. ಬರೀ ಪುಸ್ತಕದ ಮಾತು ಬೇಡ ಮೇಡಂ.

ಡೊಂಬಿವಲಿ ಲೋಕಲ್:
ರೀಬೂಟ್ ಮಾಡೋಕೆ ಅರ್ಧ ಗಂಟೆ ಸಾಕು. ಎರಡು ನೋಡ್ ಇದ್ದರೆ ಒಂದರ ಮೇಲೆ ಲೋಡ್ ಸರಿಸಿ ಇನ್ನೊಂದನ್ನ ಎಬ್ಬಿಸಿ. ಲೈವ್ ಪ್ಯಾಚ್ ಹುಚ್ಚಲ್ಲಿ ನಮ್ಮ ಟೀಮಿನ ಎರಡು ವಾರ ಹೋಯ್ತು. ಅದಕ್ಕೇ ಕೈಬಿಟ್ಟೆವು.

ಫೇಸ್ 3 ಧಾರವಾಡಿ:
ಸರ್, ಅವರು ಮೊದಲ ಸಾಲಲ್ಲೇ ನಿಲ್ಲಿಸೋ ಹಾಗಿಲ್ಲ ಅಂದಿದ್ದಾರೆ. ಓದಿ ಉತ್ತರ ಕೊಡಿ.

ವಾಸ್ಕೋ ನಾಯಕ್ (ಗೋವಾ):
ಎಲ್ಲರೂ ವಿಳಾಸದ ಕ್ರಮ ಅಂತೀರಿ. ಅದು ವಿಎಂಲಿನಕ್ಸ್‌ಗೆ ಸರಿ. ನನ್ನದು ಒಂದು ನೆಟ್‌ವರ್ಕ್ ಡ್ರೈವರ್, .ಕೆಓ ಮಾಡ್ಯೂಲ್ (ಕರ್ನಲ್‌ಗೆ ಬೇರೆಯಾಗಿ ಲೋಡ್ ಮಾಡೋ ಫೈಲ್). ಅದರೊಳಗೆ ಒಂದೇ ಹೆಸರಿನ ಎರಡು ಸ್ಟಾಟಿಕ್ (ತಮ್ಮ ಸೋರ್ಸ್ ಫೈಲಿಗಷ್ಟೇ ಸೀಮಿತ) ಫಂಕ್ಷನ್. ಎನ್‌ಎಂ -ಎನ್ (ಸಿಂಬಲ್ ಪಟ್ಟಿ ತೋರಿಸೋ ಕಮಾಂಡ್) ಕೊಟ್ಟು ವಿಳಾಸದ ಪ್ರಕಾರ ಎಣಿಸಿದೆ, 2 ಬಂತು. ಲೋಡ್ ಮಾಡಿದರೆ ಬೇರೆಯದಕ್ಕೇ ಕೂತಿತು. ಮಾಡ್ಯೂಲ್‌ನಲ್ಲಿ ಕರ್ನಲ್ ಸಿಂಬಲ್ ಟೇಬಲ್ಲಿನ ಕ್ರಮದಲ್ಲೇ ಎಣಿಸುತ್ತೆ. ರೀಡ್‌ಎಲ್ಫ್ -ಎಸ್ ಕೊಟ್ಟಾಗ ಮೇಲಿಂದ ಕೆಳಗೆ ಬರುತ್ತಲ್ಲ, ಆ ಕ್ರಮ. ಇದು ಹೊಳೆಯೋಕೆ ನನಗೆ ಆರು ದಿನ ಬೇಕಾಯ್ತು. ನಡುವೆ ಎರಡು ದಿನ ಮಳೆಗೆ ಕರೆಂಟ್ ಇರಲಿಲ್ಲ, ಇನ್ವರ್ಟರ್ ಬ್ಯಾಟರಿಗೆ 14,500 ಕೊಟ್ಟೆ.

ಲಿಂಕರ್‌ಗೆ (ಬಿಲ್ಡ್ ತುಣುಕುಗಳನ್ನ ಜೋಡಿಸೋ ಟೂಲ್) -ಜೆಡ್ ಯುನೀಕ್-ಸಿಂಬಲ್ ಕೊಟ್ಟರೆ ಹೆಸರಿನ ಹಿಂದೆ ಅಂಕಿ ಸೇರಿಸಿ ಬೇರೆ ಬೇರೆ ಮಾಡುತ್ತೆ. 2021ರ ಬೈನ್‌ಯುಟಿಲ್ಸ್ (ಆ ಲಿಂಕರ್ ಇರೋ ಟೂಲ್‌ಗಳ ಕಟ್ಟು) 2.36ರಿಂದ ಇದೆ.

ಐರೋಳಿ ಅಕ್ಕ:
ಅದಕ್ಕೆ ಕರ್ನಲನ್ನೇ ಮತ್ತೆ ಲಿಂಕ್ ಮಾಡಬೇಕು ನಾಯಕರೇ. ಈಗ ಓಡ್ತಿರೋದಕ್ಕೆ ಏನು ಉಪಯೋಗ? ಮುಂದಿನ ಬಿಲ್ಡ್‌ನಲ್ಲಿ ಅದೇ ಹೆಸರಿನದು ಇನ್ನೊಂದು ಸೇರಿದರೆ ಆ ಅಂಕಿಗಳೂ ಸರಿಯುತ್ತವೆ. ಮಾಡ್ಯೂಲ್ ವಿಷಯ ಮಾತ್ರ ಒಳ್ಳೇದಾಯ್ತು ಹೇಳಿದ್ದು, ಕೆಪ್ಯಾಚ್ ನೋಡಿಕೊಳ್ಳುತ್ತೆ ಅಂತ ನಾನು ಆ ಕಡೆ ಕಣ್ಣೇ ಹಾಯಿಸಿರಲಿಲ್ಲ.

ಡೊಂಬಿವಲಿ ಲೋಕಲ್:
14,500ಕ್ಕೆ ಯಾವ ಬ್ಯಾಟರಿ? ನಮ್ಮಲ್ಲಿ 11,000ಕ್ಕೆ 150 ಎಎಚ್ ಸಿಕ್ತು.

ವಾಸ್ಕೋ ನಾಯಕ್:
ಟ್ಯೂಬ್ಯುಲರ್. ಉಪ್ಪುಗಾಳಿಗೆ ಟರ್ಮಿನಲ್ ಕಿತ್ತು ಹೋಗುತ್ತೆ ಇಲ್ಲಿ, ಅಗ್ಗದ್ದು ಎರಡು ವರ್ಷ ಬರಲ್ಲ.

ಬಾಣೇರ್ ಬಸು:
ಬಿಲ್ಡ್ ಸರ್ವರ್‌ನಲ್ಲಿ ಹಳೇ ವಿಎಂಲಿನಕ್ಸ್ ಸಿಕ್ತು. ಬಿಲ್ಡ್ ಐಡಿ (ಆ ಬಿಲ್ಡ್‌ನ ಗುರುತು) ಓಡ್ತಿರೋದಕ್ಕೆ ತಾಳೆಯಾಗಿದೆ. ವಿಳಾಸದ ಪ್ರಕಾರ ಪವರ್‌ನದ್ದು 1, ಮೆಮೊರಿಯದ್ದು 3. ನಾನು 2 ಹಾಕಬೇಕು ಅಂದ್ಕೊಂಡಿದ್ದೆ. ಟೆಸ್ಟ್ ನೋಡ್‌ನಲ್ಲಿ ಇದೇ ಕರ್ನಲ್ ಏರಿಸಿ ಲೋಡ್ ಮಾಡಿದೆ, 'ಸ್ಟೇಟ್_ಶೋ,3' ಬಂತು. ಮೆಮೊರಿ ಬ್ಲಾಕ್‌ನ ಸ್ಟೇಟ್ ಸರಿ ಓದುತ್ತೆ, ಪವರ್‌ನದ್ದೂ ಮೊದಲಿನಂತೆಯೇ ಇದೆ. ಧಾರವಾಡಿ ಸರ್, ಆ ಡೈರೆಕ್ಟರಿ ಹೇಳಿದ್ದಕ್ಕೆ ಥ್ಯಾಂಕ್ಸ್. ಪ್ರೊಡಕ್ಷನ್‌ಗೆ ನಾಳೆ ರಾತ್ರಿ 11ಕ್ಕೆ ಹಾಕ್ತೀನಿ.